ಮುಗಿಯುವುದನ್ನು ಮರೆತ ಪರದೆ

2018ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಿಂದ ಹೊರಬಂದ ಸುದ್ದಿಯೊಂದು ಆಗ ಅನೇಕರಿಗೆ ವಿಚಿತ್ರವಾಗಿ ಕಂಡಿತ್ತು. ಕೆಲಸವಿಲ್ಲದ 26 ವರ್ಷದ ಯುವಕನೊಬ್ಬ ಆರು ತಿಂಗಳಿನಿಂದ ದಿನಕ್ಕೆ ಏಳು ಗಂಟೆಗೂ ಹೆಚ್ಚು ಕಾಲ ನೆಟ್‌ಫ್ಲಿಕ್ಸ್ ನೋಡುತ್ತಾ, ಕಣ್ಣಿನ ದಣಿವು, ಆಯಾಸ ಮತ್ತು ಕೆಟ್ಟ ನಿದ್ರೆಯಿಂದ ಬಳಲಿ ಅಲ್ಲಿನ ‘ಶಟ್’ ಕ್ಲಿನಿಕ್‌ಗೆ ಬಂದಿದ್ದ. ತಂತ್ರಜ್ಞಾನದ ಹಿತಮಿತ ಬಳಕೆಗೆ ನೆರವಾಗಲೆಂದೇ 2014ರಲ್ಲಿ ತೆರೆದ ಕ್ಲಿನಿಕ್ ಅದು. ಇಂದು ಆ ಏಳು ಗಂಟೆಯ ಲೆಕ್ಕ ಓದಿದರೆ ಅಚ್ಚರಿಪಡುವವರಿಗಿಂತ ತಮ್ಮ ಫೋನಿನ ಲೆಕ್ಕ ನೆನೆದು ಸುಮ್ಮನಾಗುವವರೇ ಹೆಚ್ಚಿರಬಹುದು. ಈ ನಡುವೆ ನಮ್ಮ ಗಮನಕ್ಕೆ ಏನಾಯಿತು ಎಂಬುದನ್ನು ತಿಳಿಯಲು ಪರದೆಗಳಿಗೆ ಮೊದಲಿದ್ದ ನಿಲುಗಡೆಗಳನ್ನು ಗಮನಿಸಬೇಕು. ಅವು ಒಂದೊಂದಾಗಿ ಕಳಚಿಬಿದ್ದ ಕಥೆಯೇ ಈ ವಿಷಯದ ಚರಿತ್ರೆ.

ಬೆಂಗಳೂರು ದೂರದರ್ಶನ ಕೇಂದ್ರ 1981ರಲ್ಲಿ ಶುರುವಾದಾಗ ನೋಡುವ ಸಮಯವನ್ನು ನಿರ್ಧರಿಸುತ್ತಿದ್ದುದು ಕೇಂದ್ರವೇ ಹೊರತು ವೀಕ್ಷಕನಲ್ಲ. ವಾರಕ್ಕೊಮ್ಮೆ ಬರುವ ಸಿನಿಮಾ ಹಾಡುಗಳ ಕಾರ್ಯಕ್ರಮ ‘ಚಿತ್ರಮಂಜರಿ’ಗೆ ವಾರವೆಲ್ಲ ಕಾಯಬೇಕಿತ್ತು. 1987ರ ಜನವರಿ 25ರಂದು ‘ರಾಮಾಯಣ’ ಆರಂಭವಾದ ಮೇಲಂತೂ ಭಾನುವಾರ ಬೆಳಿಗ್ಗೆ ನಮ್ಮ ರಾಜಾಜಿನಗರದ ಬೀದಿಯಲ್ಲಿ ಟಿ.ವಿ. ಇದ್ದ ಒಂದೇ ಮನೆಯ ಬಾಗಿಲಲ್ಲಿ ಚಪ್ಪಲಿಗಳು ರಾಶಿ ಬೀಳುತ್ತಿದ್ದವು. ಹಿಂದಿ ಪೂರ್ತಿ ಅರ್ಥವಾಗದ ಅಜ್ಜಿಯರು ಮುಂದಿನ ಸಾಲಿನಲ್ಲಿ ಕೂತು, ತಮಗೆ ಗೊತ್ತಿದ್ದ ಕಥೆಯನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಪ್ರಸಾರ ನಡುವೆ ಕೆಟ್ಟರೆ ‘ರುಕಾವಟ್ ಕೆ ಲಿಯೆ ಖೇದ್ ಹೈ’ (ಅಡಚಣೆಗಾಗಿ ವಿಷಾದಿಸುತ್ತೇವೆ) ಎಂಬ ಫಲಕ ಬರುತ್ತಿತ್ತು. ಆ ಫಲಕವನ್ನೂ ನಾವು ನೋಡುತ್ತಲೇ ಕೂರುತ್ತಿದ್ದೆವು. ಕಂತು ಮುಗಿದ ಕೂಡಲೇ ಸೆಟ್ಟಿನ ಗುಂಡಿ ಒತ್ತಿ, ಮೇಲೊಂದು ಕಸೂತಿ ಬಟ್ಟೆ ಹೊದಿಸುತ್ತಿದ್ದರು. ಆ ಕಾಲದ ಜನ ಈಗಿನವರಿಗಿಂತ ಏಕಾಗ್ರಚಿತ್ತರಾಗಿದ್ದರೆಂದು ನಾನು ಹೇಳಲಾರೆ. ಅವರಿಗೆ ಬೇರೆ ದಾರಿಯಿರಲಿಲ್ಲ, ಮತ್ತು ಮುಗಿಯಿತು ಎಂದು ಹೇಳುವ ಕೆಲಸವನ್ನು ಯಂತ್ರವೇ ಮಾಡುತ್ತಿತ್ತು.

ತೊಂಬತ್ತರ ದಶಕದಲ್ಲಿ ಕೇಬಲ್ ಬಂದು, 1994ರಲ್ಲಿ ಉದಯ ಟಿ.ವಿ. ಕನ್ನಡದಲ್ಲಿ ಆರಂಭವಾಗಿ, ರಿಮೋಟ್ ಕೈಗೆ ಸಿಕ್ಕಿದಾಗ ಮೊದಲ ನಿಲುಗಡೆ ಸಡಿಲವಾಯಿತು. ಜಾಹೀರಾತು ಬಂತೆಂದರೆ ಚಾನೆಲ್ ಬದಲು. ಆದರೂ ಧಾರಾವಾಹಿಯ ಮುಂದಿನ ಕಂತಿಗೆ ಮರುದಿನದವರೆಗೆ ಕಾಯಲೇಬೇಕಿತ್ತು, ಮತ್ತು ಆ ಕಾಯುವಿಕೆಯ ನಡುವೆ ಕಥೆ ಬೆಳಗಿನ ನಲ್ಲಿ ನೀರಿನ ಸಾಲಿನಲ್ಲಿ, ಬಿ.ಟಿ.ಎಸ್. ಬಸ್ಸಿನಲ್ಲಿ ಇನ್ನೊಮ್ಮೆ ಬೆಳೆಯುತ್ತಿತ್ತು.

ದೊಡ್ಡ ತಿರುವುಗಳು ನಡೆದದ್ದು ಅಮೆರಿಕದಲ್ಲಿ, ಅದೂ ಬಹುಪಾಲು ಸದ್ದಿಲ್ಲದೆ. ಪುಟದ ಕೊನೆ ಮುಟ್ಟಿದರೆ ‘ಮುಂದಿನ ಪುಟ’ ಒತ್ತಬೇಕಿದ್ದ ಪದ್ಧತಿಯನ್ನು ಕೈಬಿಟ್ಟು, ಕೆಳಗೆ ಜಾರಿಸಿದಷ್ಟೂ ಹೊಸದು ಬರುತ್ತಲೇ ಇರುವ ವಿನ್ಯಾಸವನ್ನು 2006ರಲ್ಲಿ ತಂತ್ರಾಂಶ ವಿನ್ಯಾಸಕ ಆಜಾ ರಾಸ್ಕಿನ್ ರೂಪಿಸಿದರು. ಮುಂದೆ ಅದಕ್ಕಾಗಿ ಅವರೇ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. 2009ರಲ್ಲಿ ಫೇಸ್‌ಬುಕ್‌ಗೆ ಲೈಕ್ ಗುಂಡಿ ಬಂತು. 2012ರಲ್ಲಿ ಯೂಟ್ಯೂಬ್ ಎಷ್ಟು ಮಂದಿ ಒತ್ತಿದರು ಎಂಬುದಕ್ಕಿಂತ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ತನ್ನ ಶಿಫಾರಸುಗಳಲ್ಲಿ ಹೆಚ್ಚು ತೂಕ ಕೊಡತೊಡಗಿತು. ಅದೇ ವರ್ಷ ನೆಟ್‌ಫ್ಲಿಕ್ಸ್‌ನಲ್ಲಿ ಒಂದು ಕಂತು ಮುಗಿದೊಡನೆ ಮುಂದಿನದು ತಾನಾಗಿಯೇ ಓಡುವ ವ್ಯವಸ್ಥೆ ಜಾರಿಗೆ ಬಂತು. ಇದರಲ್ಲಿ ಸಣ್ಣದಾಗಿ ಕಾಣುವ ದೊಡ್ಡ ಪಲ್ಲಟವೊಂದಿದೆ: ಅಲ್ಲಿಯವರೆಗೆ ನೋಡುವುದಕ್ಕೆ ನಿರ್ಧಾರ ಬೇಕಿತ್ತು, ಅಲ್ಲಿಂದ ಮುಂದೆ ನಿಲ್ಲಿಸುವುದಕ್ಕೆ ನಿರ್ಧಾರ ಬೇಕಾಯಿತು. ದಿನವಿಡೀ ದುಡಿದು, ಸಿಲ್ಕ್ ಬೋರ್ಡ್ ದಟ್ಟಣೆ ದಾಟಿ ರಾತ್ರಿ ಹತ್ತಕ್ಕೆ ಮನೆ ಸೇರಿದವರಲ್ಲಿ ಆ ಹೊತ್ತಿಗೆ ನಿರ್ಧರಿಸುವ ಶಕ್ತಿಯೇ ತೀರಾ ಕಡಿಮೆ ಉಳಿದಿರುತ್ತದೆ. ನಮ್ಮ ಸ್ಪರ್ಧೆ ನಿದ್ರೆಯ ಜೊತೆಗೆ ಎಂದು ನೆಟ್‌ಫ್ಲಿಕ್ಸ್‌ನ ಆಗಿನ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ 2017ರಲ್ಲಿ ಹೇಳಿದ್ದು ದಾಖಲೆಯಲ್ಲಿದೆ.

ನಮ್ಮಲ್ಲಿ ಉಳಿದಿದ್ದ ಕೊನೆಯ ತಡೆ ದುಡ್ಡಿನದು. ಒಂದು ಜಿ.ಬಿ. ಡೇಟಾವನ್ನು ಇಡೀ ತಿಂಗಳಿಗೆ ಆಗುವಂತೆ ಜೋಪಾನ ಮಾಡುತ್ತಿದ್ದವರು ವಿಡಿಯೊ ಮುಟ್ಟುವ ಮುನ್ನ ಯೋಚಿಸುತ್ತಿದ್ದರು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ದರಗಳು ಕುಸಿದವು. ದಿನಕ್ಕೆ ಇಂತಿಷ್ಟು ಎಂಬ ಪ್ಯಾಕ್‌ಗಳು ಸಾಮಾನ್ಯವಾದವು. ಮಧ್ಯರಾತ್ರಿ ಹನ್ನೆರಡಕ್ಕೆ ಉಳಿದ ಡೇಟಾ ಕಳೆದುಹೋಗುವ ಈ ಏರ್ಪಾಡಿನ ಪರಿಣಾಮವನ್ನು ನಮ್ಮ ಬಡಾವಣೆಯ ಕಾವಲುಗಾರರೊಬ್ಬರಲ್ಲಿ ನಾನು ಕಣ್ಣಾರೆ ಕಂಡೆ. ನಿದ್ದೆಗಣ್ಣಿನಲ್ಲೂ ಹಾಸ್ಯದ ತುಣುಕುಗಳನ್ನು ಒಂದಾದ ಮೇಲೊಂದು ಸರಿಸುತ್ತಿದ್ದ ಅವರನ್ನು ಕೇಳಿದರೆ, “ಇನ್ನೂ ಅರ್ಧ ಜಿ.ಬಿ. ಐತೆ ಸರ್, ಸುಮ್ನೆ ದಂಡ ಆಗ್ಬಿಡುತ್ತೆ” ಎಂದರು. ಮೊದಲು ಉಳಿಸಲು ಕಲಿಸಿದ್ದ ಅದೇ ಜೋಪಾನದ ಬುದ್ಧಿ ಈಗ ಖರ್ಚು ಮಾಡಿ ಮುಗಿಸಲು ಒತ್ತಾಯಿಸುತ್ತಿತ್ತು.

2020ರ ಜೂನ್ 29ರಂದು ಟಿಕ್‌ಟಾಕ್‌ಗೆ ನಿಷೇಧ ಬಿದ್ದಾಗ ಅದರ ರೂಢಿ ಮಾತ್ರ ಹೋಗಲಿಲ್ಲ. ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಭಾರತಕ್ಕೆ ಬಂದವು. ಮುಂದಿನ ತುಣುಕು ಚೆನ್ನಾಗಿರಬಹುದು, ಇಲ್ಲದಿರಬಹುದು. ಬಹುಮಾನ ಯಾವಾಗ ಸಿಗುತ್ತದೆಂದು ತಿಳಿಯದಿದ್ದಾಗಲೇ ಪ್ರಾಣಿಗಳು ಅತಿ ಹೆಚ್ಚು ಬಾರಿ ಸನ್ನೆಕೋಲು ಒತ್ತುತ್ತವೆ ಎಂಬುದನ್ನು ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಎಷ್ಟೋ ದಶಕಗಳ ಹಿಂದೆಯೇ ತೋರಿಸಿದ್ದರು. ಮೆಜೆಸ್ಟಿಕ್‌ನಿಂದ ಇಂದಿರಾನಗರಕ್ಕೆ ಹೋಗುವ ನೇರಳೆ ಮಾರ್ಗದ ಮೆಟ್ರೊದಲ್ಲಿ ಪಕ್ಕದವರ ಹೆಬ್ಬೆರಳನ್ನು ಗಮನಿಸಿದರೆ ಇದು ಅರಿವಾಗುತ್ತದೆ: ಬೇಡವಾದುದನ್ನು ದಾಟಿಸುವ ಬೆರಳು ಇಷ್ಟವಾದುದರ ಮೇಲೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಗಮನದ ಅವಧಿಯನ್ನು ಅಳೆದವರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಪ್ರಮುಖರು. ಕಚೇರಿ ಕೆಲಸ ಮಾಡುವವರು ಒಂದು ಪರದೆಯ ಮೇಲೆ ನಿಲ್ಲುವ ಸರಾಸರಿ ಸಮಯ 2004ರಲ್ಲಿ ಎರಡೂವರೆ ನಿಮಿಷವಿದ್ದದ್ದು ಇತ್ತೀಚಿನ ವರ್ಷಗಳಲ್ಲಿ ಸುಮಾರು 47 ಸೆಕೆಂಡಿಗೆ ಇಳಿದಿದೆ ಎಂದು ಅವರು ಬರೆದಿದ್ದಾರೆ. ಈ ಅಂಕಿಯನ್ನು ಮಿದುಳೇ ಸೊರಗಿತು ಎಂದು ಓದುವುದು ಅವಸರವಾದೀತು. ಮೆಟ್ರೊದಲ್ಲಿ ಹೀಗೆ ಬೆರಳಾಡಿಸುವ ಹುಡುಗನೇ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಾಲ್ಕು ತಾಸು ಆಟದಲ್ಲಿ ಮುಳುಗಬಲ್ಲ. ಬದಲಾಗಿರುವುದು ರೂಢಿ ಎಂಬುದು ನನ್ನ ನಂಬಿಕೆ, ಮತ್ತು ರೂಢಿಯ ಮೇಲಿನ ಹಿಡಿತ ನಮ್ಮಿಂದ ಸರಿದು ವಿನ್ಯಾಸಕರ ಕೈ ಸೇರಿದೆ. ಇಂಥ ಆ್ಯಪ್‌ಗಳಿಗೆ ಕೋಡ್ ಬರೆಯುವ ಸಾವಿರಾರು ಮಂದಿ ಇದೇ ಊರಿನ ಹೊರವರ್ತುಲ ರಸ್ತೆಯಲ್ಲಿ ದುಡಿಯುತ್ತಾರೆ. ಅವುಗಳಿಂದ ಬಳಲಿದವರು ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಬರುತ್ತಾರೆ. ಎರಡರ ನಡುವೆ ಕೆಲವೇ ಮೈಲುಗಳ ಅಂತರ. ಈ ಕಾರಣಕ್ಕಾದರೂ ನಮ್ಮ ಗಮನಕ್ಕೆ ಏನಾಯಿತು ಎಂಬ ಪ್ರಶ್ನೆಯನ್ನು ಕೇಳುವ ಹೊಣೆ ಬೆಂಗಳೂರಿಗೆ ಬೇರೆಯವರಿಗಿಂತ ಹೆಚ್ಚಿದೆ.

ನಮ್ಮ ಮನೆಯಲ್ಲಿ ಕಳೆದ ಯುಗಾದಿಯಿಂದ, ತಾನಾಗಿ ಓಡುವ ಮುಂದಿನ ಕಂತಿನ ಆಯ್ಕೆಯನ್ನು ಸೆಟ್ಟಿಂಗ್ಸ್‌ಗೆ ಹೋಗಿ ಆಫ್ ಮಾಡಿಟ್ಟಿದ್ದೇವೆ. ಮೊದಲ ವಾರ, ಕಂತು ಮುಗಿದು ಪರದೆ ಸ್ತಬ್ಧವಾದಾಗ, ಹನ್ನೊಂದು ವರ್ಷದ ಮಗಳು ನೆಟ್ ಹೋಯಿತೆಂದುಕೊಂಡು ರೌಟರ್ ನೋಡಲು ಎದ್ದಳು. ಈಗ ಆ ಹೊತ್ತಿಗೆ ಅವಳು ರಿಮೋಟ್ ಕೆಳಗಿಟ್ಟು, “ಅಪ್ಪ, ಆ ಮುದುಕ ಯಾಕೆ ಸುಳ್ಳು ಹೇಳಿದ?” ಎಂದು ಕಥೆಯ ಬಗ್ಗೆ ಕೇಳುತ್ತಾಳೆ.