ಕಿವುಡರು ಹೇಳುವ ಕಾಯಿಲೆ ಆಸ್ಪತ್ರೆಗೆ ತಿಳಿಯಬೇಕಾದರೆ

1975ರಲ್ಲಿ ಬ್ರಿಟನ್ನಿನ ವೈದ್ಯರ ತಂಡವೊಂದು ಸರಳವಾದ ಒಂದು ಲೆಕ್ಕ ಹಾಕಿತು. ಆಸ್ಪತ್ರೆಗೆ ಹೊಸದಾಗಿ ಬಂದ 80 ಹೊರರೋಗಿಗಳ ಕಾಯಿಲೆ ಯಾವ ಹಂತದಲ್ಲಿ ಪತ್ತೆಯಾಗುತ್ತದೆ ಎಂಬುದು ಅವರ ಪ್ರಶ್ನೆ. ಕಳುಹಿಸಿದ ವೈದ್ಯರ ಪತ್ರವನ್ನು ಓದಿ, ರೋಗಿ ಹೇಳಿದ್ದನ್ನು ಕೇಳಿ ಮುಗಿಸುವ ಹೊತ್ತಿಗೇ 66 ಮಂದಿಯ ವಿಷಯದಲ್ಲಿ ಸರಿಯಾದ ತೀರ್ಮಾನ ಸಿಕ್ಕಿತ್ತು. ಮೈ ಮುಟ್ಟಿ ಪರೀಕ್ಷಿಸಿದ್ದರಿಂದ ತೀರ್ಮಾನ ಬದಲಾದದ್ದು 7 ಮಂದಿಯದು, ಪ್ರಯೋಗಾಲಯದ ಪರೀಕ್ಷೆಗಳಿಂದ ಬದಲಾದದ್ದು ಇನ್ನು 7 ಮಂದಿಯದು. ಆಗಿನಿಂದ ಈಗಿನವರೆಗೆ ಯಂತ್ರಗಳು ಎಷ್ಟೋ ಮುಂದುವರಿದಿವೆ. ಆದರೂ ಯಾವ ಸ್ಕ್ಯಾನ್ ಮಾಡಿಸಬೇಕು, ಹೊಟ್ಟೆಯದೋ ಎದೆಯದೋ ಎಂಬುದು ಗೊತ್ತಾಗುವುದು ಇಂದಿಗೂ ರೋಗಿಯ ಮಾತಿನಿಂದಲೇ.

ನೋವು ಯಾವಾಗ ಶುರುವಾಯಿತು? ಉಂಡ ಮೇಲೆ ಹೆಚ್ಚೋ, ಹಸಿದಾಗ ಹೆಚ್ಚೋ? ಉರಿಯುತ್ತದೆಯೋ, ಚುಚ್ಚುತ್ತದೆಯೋ, ಹಿಂಡಿದಂತಾಗುತ್ತದೆಯೋ? ಇದ್ದಲ್ಲೇ ಇದೆಯೋ, ಜಾಗ ಬದಲಿಸಿದೆಯೋ? ಈ ಪ್ರಶ್ನೋತ್ತರಕ್ಕೆ ಹಣ ಬೇಡ, ಕರೆಂಟು ಬೇಡ. ಇಬ್ಬರಿಗೂ ಬರುವ ಒಂದು ಭಾಷೆ ಬೇಕು. ಕಿವುಡ ರೋಗಿ ಬಂದಾಗ ನಮ್ಮ ಆಸ್ಪತ್ರೆಗಳಲ್ಲಿ ಸಿಗದಿರುವುದು ಅದೊಂದೇ. ಅದು ಸಿಗದಿದ್ದರೆ ಉಳಿದ ಸೌಲಭ್ಯಗಳೆಲ್ಲ ಅರ್ಧಕ್ಕರ್ಧ ವ್ಯರ್ಥ.

ಕಲಬುರಗಿ ಈ ಭಾಗಕ್ಕೆಲ್ಲ ದೊಡ್ಡ ಆಸ್ಪತ್ರೆಗಳ ಊರು. ಆಳಂದ, ಚಿಂಚೋಳಿ, ಜೇವರ್ಗಿ, ಅಫಜಲಪುರಗಳಿಂದ ಬೆಳಗಿನ ಬಸ್ಸಿಗೆ ಹೊರಟು ಬಂದವರು ಚೀಟಿ ಮಾಡಿಸಿಕೊಂಡು ಹೆಸರು ಕರೆಯುವುದನ್ನು ಕಾಯುತ್ತಾರೆ. ಕರೆಯುವುದು ಬಾಯಿಂದ. ಕಿವಿ ಕೇಳದವರು ಬಾಗಿಲಿನ ಕಡೆಗೇ ಕಣ್ಣು ನೆಟ್ಟು, ತಮ್ಮ ಸರದಿ ಬಂತೋ ಹೋಯಿತೋ ತಿಳಿಯದೆ ಪಕ್ಕದವರ ಮುಖ ನೋಡುತ್ತಾ ಕೂರಬೇಕು.

ನನ್ನ ಚಿಕ್ಕಮ್ಮನ ಮಗ ಹುಟ್ಟು ಕಿವುಡ. ಆಳಂದ ತಾಲ್ಲೂಕಿನಲ್ಲಿ ಟೇಲರ್ ಕೆಲಸ ಮಾಡುತ್ತಾನೆ, ಕತ್ತರಿ ಹಿಡಿದರೆ ಕೈಯಲ್ಲಿ ಕಲೆ ಇದೆ. ಊರಿನಲ್ಲಿ ಅವನ ಹೆಸರನ್ನೇ ಮರೆತು ‘ಮೂಗ’ ಎಂದು ಕರೆಯುವವರಿದ್ದಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಒಮ್ಮೆ ಅವನಿಗೆ ಹೊಟ್ಟೆನೋವು ಬಂದು ಚಿಕ್ಕಮ್ಮ ಕಲಬುರಗಿಗೆ ಕರೆತಂದರು. ವೈದ್ಯರು ಕೇಳಿದ ಪ್ರಶ್ನೆಗಳಿಗೆಲ್ಲ ಚಿಕ್ಕಮ್ಮನೇ ಉತ್ತರಿಸಿದರು. “ನಿನ್ನೆಯಿಂದ ರೀ ಸಾಹೇಬರೇ. ಖಾರ ಬಹಳ ತಿನ್ನುತ್ತಾನೆ.” ವೈದ್ಯರು ಒಂದೆರಡು ಬಾರಿ ಅವನ ಕಡೆಗೆ ತಿರುಗಿ ಗಟ್ಟಿಯಾಗಿ ಕೇಳಿದರು, ಅವನು ತಲೆಯಾಡಿಸಿದ. ಆಮ್ಲ ಕಡಿಮೆ ಮಾಡುವ ಮಾತ್ರೆ ಬರೆದುಕೊಟ್ಟರು. ಸಂಜೆ ಅವನ ಗೆಳೆಯನೊಬ್ಬನ ಮನೆಗೆ ಹೋದೆವು. ಆ ಗೆಳೆಯನೂ ಕಿವುಡ. ಅವನ ತಂಗಿಗೆ ಕಿವಿ ಕೇಳುತ್ತದೆ, ಸನ್ನೆ ಭಾಷೆಯೂ ಬರುತ್ತದೆ. ಅವಳು ಕೇಳತೊಡಗಿದ್ದೇ ತಡ, ನಮ್ಮ ಹುಡುಗನ ಕೈಗಳು ಬಿಡುವಿಲ್ಲದೆ ಮಾತಾಡಿದವು. ನೋವು ಮೊದಲು ಹೊಕ್ಕುಳ ಸುತ್ತ ಇತ್ತಂತೆ, ರಾತ್ರಿ ಕಳೆಯುವುದರೊಳಗೆ ಕೆಳಹೊಟ್ಟೆಯ ಬಲಗಡೆಗೆ ಇಳಿಯಿತಂತೆ. ಬಸ್ಸು ರಸ್ತೆಯ ಉಬ್ಬು ಹತ್ತಿಳಿದಾಗಲೆಲ್ಲ ಜೀವ ಹೋದಂತಾಯಿತಂತೆ.

ಈ ಮೂರು ವಾಕ್ಯಗಳನ್ನು ಯಾವ ವೈದ್ಯರಿಗೆ ಹೇಳಿದರೂ ಅವರ ಬಾಯಿಂದ ಬರುವ ಮೊದಲ ಹೆಸರು ಅಪೆಂಡಿಸೈಟಿಸ್. ಕರುಳಬಾಲ ಊದಿಕೊಂಡಾಗ ಆರಂಭದ ನೋವು ಹೊಕ್ಕುಳ ಸುತ್ತ ಮಸುಕಾಗಿರುತ್ತದೆ. ಉರಿಯೂತ ಹೊಟ್ಟೆಯ ಒಳಪೊರೆಗೆ ತಗುಲಿದ ಮೇಲೆ ಬಲಗಡೆ ಒಂದೇ ಜಾಗದಲ್ಲಿ ಚುರುಕಾಗುತ್ತದೆ, ಮೈ ಅಲುಗಿದರೆ ಸಾಕು ಇರಿಯುತ್ತದೆ. ರಸ್ತೆಯ ಉಬ್ಬಿನ ಮೇಲೆ ನೋವು ಹೆಚ್ಚುವುದನ್ನೇ ಬ್ರಿಟನ್ನಿನಲ್ಲಿ ಅಧ್ಯಯನ ಮಾಡಿದ್ದಾರೆ. 2012ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅಪೆಂಡಿಸೈಟಿಸ್ ಖಚಿತವಾದ 34 ಮಂದಿಯಲ್ಲಿ 33 ಮಂದಿಗೆ ದಾರಿಯ ಉಬ್ಬುಗಳಲ್ಲಿ ನೋವು ಹೆಚ್ಚಿತ್ತು. ನಮ್ಮ ಹುಡುಗನಿಗೆ ಅದೇ ರಾತ್ರಿ ಶಸ್ತ್ರಚಿಕಿತ್ಸೆಯಾಯಿತು. ಕರುಳಬಾಲ ಒಡೆಯುವ ಮೊದಲೇ ತೆಗೆದರು ಎಂಬುದು ನಮ್ಮ ಪುಣ್ಯ. ರೋಗದ ಗುರುತುಗಳೆಲ್ಲ ಬೆಳಿಗ್ಗೆಯಿಂದಲೂ ಅವನಲ್ಲಿದ್ದವು, ಅವನಿಗೆ ಗೊತ್ತೂ ಇದ್ದವು. ಕೇಳುವವರಿಗೆ ಕೇಳುವ ಬಗೆ ಗೊತ್ತಿರಲಿಲ್ಲ.

ಚಿಕ್ಕಮ್ಮನನ್ನು ನಾನು ದೂರುವುದಿಲ್ಲ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕಿವುಡ ಮಕ್ಕಳು ಹುಟ್ಟುವುದು ಕಿವಿ ಕೇಳುವ ತಂದೆತಾಯಿಗೆ. ಅವರು ತಮಗೆ ತೋಚಿದ ಸನ್ನೆಗಳನ್ನು ಮಗುವಿನೊಂದಿಗೆ ಕಟ್ಟಿಕೊಳ್ಳುತ್ತಾರೆ. ರೊಟ್ಟಿ, ನೀರು, ಬಾ, ಹೋಗು, ಅಪ್ಪ ಬಂದ, ಮಲಗು: ಇಷ್ಟಕ್ಕೆ ಅವು ಸಾಕಾಗುತ್ತವೆ. ನೋವು ಯಾವಾಗಿನಿಂದ, ಹೇಗೆ ಜಾಗ ಬದಲಿಸಿತು ಎಂದು ಕೇಳಲು ಪೂರ್ಣ ಪ್ರಮಾಣದ ಭಾಷೆಯೇ ಬೇಕು.

ತುಟಿ ನೋಡಿ ತಿಳಿದುಕೊಳ್ಳುತ್ತಾರಲ್ಲ ಎಂದು ಹಲವರು ಹೇಳುತ್ತಾರೆ. ಕನ್ನಡಿಯ ಮುಂದೆ ನಿಂತು ದನಿ ಹೊರಡಿಸದೆ ‘ಬರ’, ‘ಮರ’, ‘ಪರ’ ಎಂದು ಹೇಳಿ ನೋಡಿ. ಮೂರಕ್ಕೂ ತುಟಿಗಳು ಕೂಡುವ, ಬಿಡಿಸಿಕೊಳ್ಳುವ ರೀತಿ ಒಂದೇ. ಪ, ಬ, ಮಗಳ ಅಂತರ ಗಂಟಲಿನಲ್ಲಿ ಮತ್ತು ಮೂಗಿನಲ್ಲಿದೆ, ತುಟಿಯ ಮೇಲಿಲ್ಲ. ಕ, ಗ, ಹಗಳಂತೂ ಬಾಯಿಯ ಹಿಂಭಾಗದಲ್ಲೋ ಗಂಟಲಲ್ಲೋ ಹುಟ್ಟಿ ಮುಗಿಯುತ್ತವೆ. ಸಂದರ್ಭ ಗೊತ್ತಿದ್ದವರು ಊಹಿಸಬಹುದು, ಆದರೆ ಔಷಧದ ಪ್ರಮಾಣವನ್ನು ಊಹೆಗೆ ಬಿಡಲಾದೀತೇ? ಅದರ ಮೇಲೆ ವೈದ್ಯರ ಮುಖಕ್ಕೆ ಮಾಸ್ಕ್ ಬೇರೆ.

ಬರೆದು ತೋರಿಸಬಹುದಲ್ಲ ಎಂಬುದು ಎರಡನೆಯ ಮಾತು. ಓದು ಚೆನ್ನಾಗಿ ಬರುವವರಿಗೆ ಅದು ನಿಜಕ್ಕೂ ಉಪಯೋಗ. ಆದರೆ ಹುಟ್ಟಿನಿಂದಲೇ ಕಿವಿ ಕೇಳದವರಿಗೆ ಕನ್ನಡ ಕಣ್ಣಿನಿಂದ ಮಾತ್ರ ಕಲಿತ ಎರಡನೆಯ ಭಾಷೆ. ‘ಊಟಕ್ಕೆ ಮೊದಲು’, ‘ಊಟದ ನಂತರ’ ಎಂಬಲ್ಲಿ ಬರುವ ವಿಭಕ್ತಿ ಪ್ರತ್ಯಯಗಳು ನಮಗೆ ಕಿವಿಯ ರೂಢಿಯಿಂದ ಬಂದವು; ಅವರು ಒಂದೊಂದನ್ನೂ ಕಟ್ಟಿ ಕಲಿಯಬೇಕು. ಔಷಧದ ಚೀಟಿಯಂತೂ ಇಂಗ್ಲಿಷಿನಲ್ಲೇ ಇರುತ್ತದೆ.

ಸನ್ನೆ ಭಾಷೆಯನ್ನು ಕೈ ಬಾಯಿ ಆಡಿಸಿ ಮಾಡುವ ಅಭಿನಯವೆಂದು ಭಾವಿಸಿರುವವರು ನಮ್ಮಲ್ಲಿ ಬಹಳ ಮಂದಿ. ವಿದ್ವಾಂಸರೂ ಬಹುಕಾಲ ಹಾಗೆಯೇ ಭಾವಿಸಿದ್ದರು. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಕಿವುಡ ಮಕ್ಕಳ ಶಾಲೆಗಳಲ್ಲಿ ಸನ್ನೆ ಬೇಡವೆಂದು ನಿರ್ಣಯಿಸಿತು; ಆ ನಿರ್ಣಯದ ನೆರಳು ನೂರು ವರ್ಷಕ್ಕೂ ಮೀರಿ ಚಾಚಿತು. 1960ರಲ್ಲಿ ಅಮೆರಿಕದ ವಿಲಿಯಂ ಸ್ಟೋಕಿ ಅಲ್ಲಿನ ಸನ್ನೆ ಭಾಷೆಯನ್ನು ಬಿಡಿಸಿ ನೋಡಿದರು. ಪ್ರತಿ ಸನ್ನೆಯೂ ಕೈಯ ಆಕಾರ, ಮೈಮೇಲೆ ಅಥವಾ ಗಾಳಿಯಲ್ಲಿ ಅದರ ಜಾಗ, ಚಲನೆ ಎಂಬ ಘಟಕಗಳಿಂದ ಕೂಡಿದೆ. ಒಂದು ಘಟಕ ಬದಲಾದರೆ ಅರ್ಥವೇ ಬೇರೆಯಾಗುತ್ತದೆ ಎಂದು ತೋರಿಸಿದರು. ಮಾತಿನಲ್ಲಿ ಅಕ್ಷರ ಬದಲಾದರೆ ಆಗುವುದೂ ಇದೇ.

ಭಾರತೀಯ ಸನ್ನೆ ಭಾಷೆಗೆ ಅದರದೇ ವ್ಯಾಕರಣವಿದೆ. ‘ಯಾವಾಗ’, ‘ಏನು’, ‘ಎಲ್ಲಿ’ಗಳು ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತವೆ: ಜ್ವರ, ಶುರು, ಯಾವಾಗ. ಹೌದು ಅಥವಾ ಇಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಗೆ ಹುಬ್ಬು ಮೇಲೇರುತ್ತದೆ. ಮುಖ ಮುಚ್ಚಿಕೊಂಡರೆ ವ್ಯಾಕರಣದ ಒಂದು ಪಾಲು ಹೋಯಿತೆಂದೇ ಲೆಕ್ಕ.

ಇದೆಲ್ಲಕ್ಕಿಂತ ಬಲವಾದ ಸಾಕ್ಷಿ ಮಿದುಳಿನಲ್ಲಿದೆ. ಮಾತಾಡುವವರಿಗೆ ಮಿದುಳಿನ ಎಡ ಅರ್ಧದಲ್ಲಿ ಪಾರ್ಶ್ವವಾಯು ತಗುಲಿದರೆ ಮಾತು ಕೆಡುತ್ತದೆ. ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ಅರ್ಸುಲಾ ಬೆಲ್ಯೂಜಿ ಮತ್ತು ಅವರ ಸಂಗಡಿಗರು ಸನ್ನೆ ಭಾಷೆಯವರಲ್ಲೂ ಅದನ್ನೇ ಕಂಡರು: ಎಡಭಾಗಕ್ಕೆ ಪೆಟ್ಟಾದವರ ಸನ್ನೆ ತಡವರಿಸಿತು, ವ್ಯಾಕರಣ ಮುರಿಯಿತು. ಬಲಭಾಗಕ್ಕೆ ಪೆಟ್ಟಾದವರಿಗೆ ಚಿತ್ರ ಬರೆಯುವುದು, ದಿಕ್ಕು ಗುರುತಿಸುವುದು ಕಷ್ಟವಾದರೂ ಭಾಷೆ ಬಹುಮಟ್ಟಿಗೆ ಉಳಿದಿತ್ತು. ಸನ್ನೆಗಳು ಕೈತಪ್ಪಿದರೂ ಅಭಿನಯಿಸಿ ತೋರಿಸುವ ಶಕ್ತಿ ಉಳಿಸಿಕೊಂಡ ರೋಗಿಗಳೂ ದಾಖಲಾಗಿದ್ದಾರೆ. ಸನ್ನೆ ಭಾಷೆ ಬರೀ ಅಭಿನಯವಾಗಿದ್ದರೆ ಇವೆರಡೂ ಒಟ್ಟಿಗೇ ಹೋಗಬೇಕಿತ್ತು.

ನಮ್ಮ ಊರಿನ ಮಟ್ಟಿಗೆ ಇದರಲ್ಲಿ ಒಂದು ಸೊಗಸಿದೆ. ಕಲಬುರಗಿಯಲ್ಲಿ ಒಂದು ಓಣಿಯಲ್ಲಿ ಕನ್ನಡ, ಇನ್ನೊಂದರಲ್ಲಿ ದಖನಿ ಉರ್ದು, ತಾಂಡಾಗಳಲ್ಲಿ ಲಂಬಾಣಿ, ಚಿಂಚೋಳಿ ಸೇಡಂ ಕಡೆಗೆ ತೆಲುಗು, ಆಳಂದದ ಕಡೆಗೆ ಮರಾಠಿ. ಕೇಳುವ ನಮಗೆ ಇವುಗಳ ನಡುವೆ ಗೋಡೆಗಳಿವೆ. ತಾಂಡಾದ ಕಿವುಡ ಹುಡುಗನೂ ಉರ್ದು ಮನೆಯ ಕಿವುಡ ಹುಡುಗಿಯೂ ಶಾಲೆಯಲ್ಲಿ ಒಡನಾಡಿ ಸನ್ನೆ ಕಲಿತವರಾದರೆ ಇಬ್ಬರಿಗೂ ಭಾಷೆ ಒಂದೇ. ಸನ್ನೆ ಭಾಷೆಯ ಒಬ್ಬ ಒಳ್ಳೆಯ ದುಭಾಷಿ ಇದ್ದರೆ ಇಷ್ಟು ಮನೆಮಾತುಗಳ ಕಿವುಡರಿಗೆ ಆಸ್ಪತ್ರೆಯ ಬಾಗಿಲು ತೆರೆಯುತ್ತದೆ.

ಕಿವುಡು ಬಾರದಂತೆ ತಡೆಯುವುದೂ ಆಗಬೇಕಾದ ಕೆಲಸ. ಗರ್ಭದ ಮೊದಲ ತಿಂಗಳುಗಳಲ್ಲಿ ತಾಯಿಗೆ ರುಬೆಲ್ಲಾ ಬಂದರೆ ಮಗುವಿನ ಕಿವಿ ಕೆಡಬಹುದು. ಅದಕ್ಕೆ ಲಸಿಕೆ ಇದೆ, 2017ರ ಫೆಬ್ರುವರಿಯಲ್ಲಿ ದಡಾರ–ರುಬೆಲ್ಲಾ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಚುಚ್ಚುಮದ್ದುಗಳು ಒಳಗಿವಿಯಲ್ಲಿ ಶಬ್ದ ಗ್ರಹಿಸುವ ಕೂದಲುಕೋಶಗಳನ್ನು ಕೊಲ್ಲಬಲ್ಲವು, ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಹುಟ್ಟು ಕಿವುಡಿಗೆ ಕಾರಣವಾಗುವ ಜಿಜೆಬಿ2ನಂಥ ವಂಶವಾಹಿಯ ದೋಷ ಎರಡೂ ಕಡೆಯಿಂದ ಒಂದೇ ಮಗುವಿಗೆ ಬಂದು ಸೇರುವ ಸಾಧ್ಯತೆ ಅಲ್ಲಿ ಹೆಚ್ಚು. ಹುಟ್ಟಿದ ಮಗುವಿನ ಕಿವಿಯನ್ನು ಒಂದು ತಿಂಗಳೊಳಗೆ ಪರೀಕ್ಷಿಸಿ, ಮೂರು ತಿಂಗಳೊಳಗೆ ಖಚಿತಪಡಿಸಿಕೊಂಡು, ಆರು ತಿಂಗಳೊಳಗೆ ನೆರವು ಆರಂಭಿಸಬೇಕೆಂಬುದು ತಜ್ಞರು ಒಪ್ಪಿದ ಗಡುವು. ಆ ನೆರವಿನಲ್ಲಿ ಶ್ರವಣ ಸಾಧನವೂ ಸನ್ನೆ ಭಾಷೆಯೂ ಒಟ್ಟಿಗೇ ಇರಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಯಂತ್ರ ಫಲ ಕೊಡುತ್ತದೋ ಇಲ್ಲವೋ ಎಂದು ಕಾಯುತ್ತಾ ಮಗುವಿನ ಮೊದಲ ವರ್ಷಗಳನ್ನು ಭಾಷೆಯೇ ಇಲ್ಲದೆ ಕಳೆದರೆ ಮುಂದೆ ತುಂಬಲಾಗದ ನಷ್ಟವಾಗುತ್ತದೆ.

ಈಗಾಗಲೇ ದೊಡ್ಡವರಾಗಿರುವ ಕಿವುಡರ ಪಾಡೇನು? ಬ್ರಿಟನ್ನಿನಲ್ಲಿ ಸನ್ನೆ ಭಾಷೆ ಬಳಸುವ ಕಿವುಡರ ಆರೋಗ್ಯ ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಪತ್ತೆಯೇ ಆಗದ ರಕ್ತದೊತ್ತಡವೂ ಚಿಕಿತ್ಸೆಯಲ್ಲಿದ್ದರೂ ಹತೋಟಿಗೆ ಬರದ ರಕ್ತದೊತ್ತಡವೂ ಅವರಲ್ಲಿ ಹೆಚ್ಚೆಂದು ಕಂಡುಕೊಂಡಿತು. ದುಭಾಷಿಗಳ ವ್ಯವಸ್ಥೆ ಇರುವ ದೇಶದ ಕಥೆ ಇದು.

ನಮ್ಮ ಕಾನೂನು ಹಿಂದೆ ಬಿದ್ದಿಲ್ಲ. ಭಾರತವು 2007ರಲ್ಲಿ ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಅನುಮೋದಿಸಿತು. ಅದು ಸನ್ನೆ ಭಾಷೆಯನ್ನು ಭಾಷೆಯೆಂದೇ ಪರಿಗಣಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 25ನೆಯ ಕಲಮಿನ ಪ್ರಕಾರ ಸರ್ಕಾರಿ, ಖಾಸಗಿ ಎರಡೂ ಬಗೆಯ ಆಸ್ಪತ್ರೆಗಳ ಎಲ್ಲ ಭಾಗಗಳೂ ಅಡೆತಡೆಯಿಲ್ಲದೆ ದೊರಕಬೇಕು. ಅಡೆತಡೆ ಎಂದೊಡನೆ ನಾವು ಮೆಟ್ಟಿಲಿನ ಪಕ್ಕ ಇಳಿಜಾರು ಕಟ್ಟಿ ಕೈತೊಳೆದುಕೊಳ್ಳುತ್ತೇವೆ. ಕಿವುಡರಿಗೆ ಇಳಿಜಾರಿನಿಂದ ಏನು ಪ್ರಯೋಜನ? ಅದೇ ಕಾಯ್ದೆಯ 10ನೆಯ ಕಲಮು ಸಂತಾನೋತ್ಪತ್ತಿ, ಕುಟುಂಬ ಯೋಜನೆಯ ಮಾಹಿತಿ ಪಡೆಯುವ ಹಕ್ಕನ್ನು ಕೊಟ್ಟಿದೆ. ಮುಟ್ಟಿನ ತೊಂದರೆಯನ್ನೋ ಗರ್ಭಪಾತದ ಸಂಗತಿಯನ್ನೋ ಮೈದುನನ ಅಥವಾ ಅತ್ತೆಯ ಮೂಲಕ ಹೇಳಿಸಬೇಕಾದ ಕಿವುಡ ಹೆಣ್ಣುಮಗಳಿಗೆ ಆ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ.

ಬೇಕಾದ ಸಾಮಗ್ರಿಯೂ ತಕ್ಕಮಟ್ಟಿಗೆ ಸಿದ್ಧವಿದೆ. 2015ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2018ರಲ್ಲಿ 3,000 ಪದಗಳ ನಿಘಂಟು ತಂದಿತು, 2021ರ ಹೊತ್ತಿಗೆ ಅದು 10,000 ಪದಗಳಿಗೆ ಬೆಳೆಯಿತು. ದುಭಾಷಿಗಳಿಗೆ ಎರಡು ವರ್ಷದ ಡಿಪ್ಲೊಮಾ ಇದೆ. ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಅವರು 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ, 2024ರ ಏಪ್ರಿಲಿನಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ದುಭಾಷಿಯ ನೆರವಿನಿಂದ ಹಾಜರಾದರು. ನ್ಯಾಯಾಲಯದಲ್ಲಿ ಆಗುವುದು ಆಸ್ಪತ್ರೆಯಲ್ಲಿ ಏಕೆ ಆಗಬಾರದು?

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ದುಭಾಷಿಗಳ ಹುದ್ದೆ ಬೇಕು. ಹೆಣ್ಣುಮಕ್ಕಳ ವಿಭಾಗಕ್ಕೆ ಮಹಿಳೆಯೇ ಇರಬೇಕು. ತಾಲ್ಲೂಕು ಆಸ್ಪತ್ರೆಗಳಿಗೆ ಒಂದು ಟ್ಯಾಬ್ಲೆಟ್, ಒಳ್ಳೆಯ ಇಂಟರ್‌ನೆಟ್ ಸಂಪರ್ಕ ಇದ್ದರೆ ಜಿಲ್ಲಾ ಕೇಂದ್ರದ ದುಭಾಷಿ ವಿಡಿಯೊ ಕರೆಯಲ್ಲಿ ಸಿಗಬಲ್ಲರು. ಸಂವಿಧಾನದ 371(ಜೆ) ಕಲಮಿನಡಿ ಈ ಭಾಗಕ್ಕೆ ಅಭಿವೃದ್ಧಿ ಮಂಡಳಿ ಇದೆ, ಅದರ ಕಚೇರಿ ಇರುವುದೂ ಕಲಬುರಗಿಯಲ್ಲೇ. ಕಟ್ಟಡಗಳಿಗೆ ಖರ್ಚಾಗುವ ಹಣದ ಸಣ್ಣ ಪಾಲು ಇದಕ್ಕೆ ಸಾಕು. ಸರದಿಯ ಸಂಖ್ಯೆಯನ್ನು ಪರದೆಯ ಮೇಲೆ ತೋರಿಸಬೇಕು. ತುರ್ತು ಸಮಯದಲ್ಲಿ 108ಕ್ಕೆ ಮಾತಾಡಲಾಗದವರು ಸಂದೇಶ ಕಳುಹಿಸಿ ಆಂಬುಲೆನ್ಸ್ ಕರೆಸಿಕೊಳ್ಳುವಂತಿರಬೇಕು. ಆಶಾ ಕಾರ್ಯಕರ್ತೆಯರಿಗೂ ದಾದಿಯರಿಗೂ ಸನ್ನೆ ಕಲಿಸುವ ಕೆಲಸವನ್ನು ಇಲ್ಲಿನ ಕಿವುಡರಿಗೇ ಸಂಬಳ ಕೊಟ್ಟು ವಹಿಸಬೇಕು. ಆ ಭಾಷೆ ಅವರಷ್ಟು ಚೆನ್ನಾಗಿ ಇನ್ನಾರಿಗೆ ಬರುತ್ತದೆ?

ದುಭಾಷಿ ಬರುವವರೆಗೂ ವೈದ್ಯರು ಮಾಡಬಹುದಾದದ್ದು ಕಡಿಮೆಯೇನಿಲ್ಲ. ಚೀಟಿಯ ಮೇಲೆ ‘ಸನ್ನೆ ಭಾಷೆ’ ಎಂದು ಎದ್ದು ಕಾಣುವಂತೆ ಬರೆಸಬಹುದು. ಮುಖಕ್ಕೆ ಬೆಳಕು ಬೀಳುವಂತೆ ಕುಳಿತು, ಜೊತೆಗೆ ಬಂದವರನ್ನಲ್ಲದೆ ರೋಗಿಯನ್ನೇ ನೋಡುತ್ತಾ ಮಾತಾಡಬಹುದು. ಸನ್ನೆ ಬಲ್ಲ ಗೆಳೆಯರಿಗೆ ರೋಗಿಯ ಮೊಬೈಲಿನಿಂದಲೇ ವಿಡಿಯೊ ಕರೆ ಮಾಡಿಸಬಹುದು, ರೋಗಿ ಒಪ್ಪಿದರೆ. ರೋಗಿ ತಲೆಯಾಡಿಸಿದ ಮಾತ್ರಕ್ಕೆ ಚೀಟಿ ಹರಿದುಕೊಡದೆ, ಮಾತ್ರೆಗಳನ್ನು ಮೇಜಿನ ಮೇಲಿಟ್ಟು ಯಾವುದನ್ನು ಯಾವಾಗ ನುಂಗುತ್ತೀರಿ ಎಂದು ಅವರಿಂದಲೇ ತೋರಿಸಿಕೊಳ್ಳಬೇಕು. ತಪ್ಪು ತೋರಿಸಿದರೆ ಮತ್ತೊಮ್ಮೆ ವಿವರಿಸಬೇಕು, ಹೊರಗೆ ಸಾಲು ಎಷ್ಟೇ ಉದ್ದವಿದ್ದರೂ.