ಮಾಲು ಕೈಗೇ ಸಿಕ್ಕಿದೆ, ಮತ್ತೆ ಬಿಡುಗಡೆ ಹೇಗೆ?

ಓದುಗರ ಪ್ರಶ್ನೆ: ನಮ್ಮದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ. ಪಕ್ಕದ ಬೀದಿಯ ಹುಡುಗನ ಬಳಿ ಗಾಂಜಾ ಸಿಕ್ಕಿತೆಂದು ಪೊಲೀಸರು ಹಿಡಿದರು. ಊರಿಗೆಲ್ಲ ಗೊತ್ತಿರುವ ವಿಷಯ. ಕೆಲವು ವರ್ಷ ಕೇಸು ನಡೆದು ಈಗ ಬಿಡುಗಡೆಯಾಗಿದೆ. 'ನಿಯಮ ಪಾಲಿಸಿಲ್ಲ' ಎಂದು ತೀರ್ಪಿನಲ್ಲಿದೆಯಂತೆ. ಮಾಲು ಸಿಕ್ಕ ಮೇಲೆ ನಿಯಮ ಏನು ಲೆಕ್ಕ? ಕಾಗದದ ತಪ್ಪು ಹುಡುಕುವ ವಕೀಲರು ಸಿಕ್ಕರೆ ಯಾರು ಬೇಕಾದರೂ ಪಾರಾಗಬಹುದೇ?

ಉತ್ತರ: ಈ ಪ್ರಶ್ನೆಯನ್ನು ಕೋಲಾರದ ಕೋರ್ಟಿನ ಹತ್ತಿರ ಟೀ ಕುಡಿಯುತ್ತ ನಿಂತವರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಕೆಲವರು ಸಿಟ್ಟಿನಿಂದ ಕೇಳುತ್ತಾರೆ, ಕೆಲವರು ಆಸೆಯಿಂದ. ತಮ್ಮ ಮನೆಯ ಹುಡುಗನೇ ಒಳಗಿದ್ದರೆ ಅದೇ ಪ್ರಶ್ನೆಯ ದನಿ ಬದಲಾಗುತ್ತದೆ, ಅಷ್ಟೆ.

ಮೊದಲು ನಿಮ್ಮ ಮಾತಿನ ಒಂದು ಎಳೆ ಹಿಡಿಯುತ್ತೇನೆ. 'ಮಾಲು ಸಿಕ್ಕ ಮೇಲೆ' ಎಂದಿರಿ. ಮಾಲು ಆತನ ಬಳಿಯೇ ಸಿಕ್ಕಿತೇ ಎಂಬುದೇ ಕೋರ್ಟಿನ ಮುಂದಿರುವ ಪ್ರಶ್ನೆ. ಕಳ್ಳತನವಾದರೆ ಒಡವೆ ಕಳೆದುಕೊಂಡವರು ಬಂದು ಸಾಕ್ಷಿ ಹೇಳುತ್ತಾರೆ. ಹೊಡೆದಾಟವಾದರೆ ಗಾಯ ಇರುತ್ತದೆ, ಆಸ್ಪತ್ರೆಯ ಚೀಟಿ ಇರುತ್ತದೆ. ಗಾಂಜಾ ಕೇಸಿನಲ್ಲಿ ದೂರು ಕೊಡುವವರೂ ಪೊಲೀಸರು, ಹಿಡಿದವರೂ ಪೊಲೀಸರು, ಅನೇಕ ಸಲ ತನಿಖೆ ಮಾಡಿದವರೂ ಅವರೇ. ದೂರುದಾರ ಅಧಿಕಾರಿಯೇ ತನಿಖೆ ಮಾಡಿದ ಮಾತ್ರಕ್ಕೆ ಕೇಸು ಬೀಳುವುದಿಲ್ಲ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಸಂವಿಧಾನ ಪೀಠ 2020ರಲ್ಲಿ ಹೇಳಿದೆ, ನಿಜ. ಆದರೆ ಆಗ ಅವರ ಮಾತನ್ನು ಒರೆಗೆ ಹಚ್ಚಲು ಉಳಿಯುವುದು ಅಂದು ಬರೆದ ಕಾಗದ, ಒತ್ತಿದ ಅರಗಿನ ಸೀಲು, ಠಾಣೆಯ ರಿಜಿಸ್ಟರು, ಇಷ್ಟೇ.

ಇನ್ನು ಕಾಯ್ದೆಯ ಗಡಸುತನ. 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯ 35 ಮತ್ತು 54ನೇ ಕಲಮುಗಳು ಮಾಮೂಲಿ ಕ್ರಿಮಿನಲ್ ಕಾನೂನನ್ನು ತಿರುಗಿಸಿ ಹಾಕುತ್ತವೆ. ಮಾಲು ನಿನ್ನ ವಶದಲ್ಲಿತ್ತು ಎಂದಾದರೆ, ಗೊತ್ತಿದ್ದೇ ಇಟ್ಟುಕೊಂಡಿದ್ದೀಯ ಎಂದು ಕೋರ್ಟು ಭಾವಿಸಿಕೊಳ್ಳುತ್ತದೆ. ಗೊತ್ತಿರಲಿಲ್ಲ ಎಂದು ತೋರಿಸುವ ಹೊರೆ ಆರೋಪಿಯದು. ಗಾಂಜಾ 20 ಕೆ.ಜಿ. ದಾಟಿದರೆ ಅದು 'ವಾಣಿಜ್ಯ ಪ್ರಮಾಣ': ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ ಕಠಿಣ ಶಿಕ್ಷೆ, ಕನಿಷ್ಠ 1 ಲಕ್ಷ ರೂಪಾಯಿ ದಂಡ. ಜಾಮೀನಿಗೂ 37ನೇ ಕಲಮಿನ ಅಡ್ಡಗೋಡೆ. ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಆಧಾರವಿದೆ, ಹೊರಗೆ ಬಂದು ಮತ್ತೆ ಅಂಥ ತಪ್ಪು ಮಾಡಲಾರ ಎಂದು ನ್ಯಾಯಾಧೀಶರಿಗೆ ಮನವರಿಕೆಯಾಗಬೇಕು. ಒಂದು ಕೆ.ಜಿ.ವರೆಗಿನ 'ಅಲ್ಪ ಪ್ರಮಾಣ'ಕ್ಕೆ ಗರಿಷ್ಠ ಒಂದು ವರ್ಷ, ನಡುವಿನದಕ್ಕೆ ಗರಿಷ್ಠ ಹತ್ತು ವರ್ಷ.

ಇಷ್ಟು ಬಿಗಿಯಾದ ಕಾಯ್ದೆ ಸಂವಿಧಾನಬದ್ಧವೇ ಎಂಬ ಪ್ರಶ್ನೆ 2008ರಲ್ಲಿ ನೂರ್ ಆಗಾ ಪ್ರಕರಣದಲ್ಲಿ ಎದ್ದಿತು. ಕಾಯ್ದೆ ಸರಿ ಎಂದೇ ಸುಪ್ರೀಂ ಕೋರ್ಟು ಹೇಳಿತು. ಜೊತೆಗೆ, ಮಾಲು ಸಿಕ್ಕಿತು, ಇವನಿಂದಲೇ ಸಿಕ್ಕಿತು ಎಂಬ ಬುನಾದಿ ಸಂಗತಿಗಳನ್ನು ಪ್ರಾಸಿಕ್ಯೂಷನ್ ಮೊದಲು ಸಂಶಯವಿಲ್ಲದಂತೆ ರುಜುವಾತು ಮಾಡಬೇಕು, ಹೊರೆ ಆರೋಪಿಯ ಕಡೆ ವಾಲುವುದು ಆಮೇಲೆ ಎಂದಿತು. ನೀವು 'ಕಾಗದದ ತಪ್ಪು' ಎನ್ನುವುದು ಬಹುಪಾಲು ಈ ಬುನಾದಿಯಲ್ಲಿ ಕಾಣುವ ಬಿರುಕು.

ಒಂದು ಕಲ್ಪಿತ ಸಂದರ್ಭ ಇಟ್ಟುಕೊಳ್ಳೋಣ. ರಾತ್ರಿ ಒಂಬತ್ತು ಗಂಟೆ, ಪಲಮನೇರು ಕಡೆಯಿಂದ ಬಂದ ಬಸ್ಸಿನಿಂದ ಮುಳಬಾಗಿಲು ಬಸ್ ನಿಲ್ದಾಣದಲ್ಲಿ ಒಬ್ಬ ಇಳಿಯುತ್ತಾನೆ. ಹೆಗಲಲ್ಲಿ ಬ್ಯಾಗು. ಪಿಎಸ್‌ಐ ಮತ್ತು ಸಿಬ್ಬಂದಿ ತಡೆಯುತ್ತಾರೆ. ಬ್ಯಾಗಿನಲ್ಲಿ ಎರಡು ಪೊಟ್ಟಣ, ಜೇಬಿನಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಕವರು.

ಜೇಬಿಗೆ ಕೈ ಹಾಕುವ ಮುನ್ನ 50ನೇ ಕಲಮು ಬರುತ್ತದೆ. 'ಪತ್ರಾಂಕಿತ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಎದುರು ಶೋಧನೆ ಮಾಡಿಸಿಕೊಳ್ಳುವ ಹಕ್ಕು ನಿನಗಿದೆ' ಎಂದು ಹೇಳಬೇಕು. ಸುಮ್ಮನೆ 'ಚೆಕ್ ಮಾಡಲೇ?' ಎಂದರೆ ಸಾಲದು. ಇದನ್ನು ಚಾಚೂ ತಪ್ಪದೆ ಪಾಲಿಸಬೇಕೆಂದು 2010ರಲ್ಲಿ ಸಂವಿಧಾನ ಪೀಠ ಖಡಾಖಂಡಿತವಾಗಿ ಹೇಳಿದೆ. ಹಾಗೆಂದು ಈ ರಕ್ಷಣೆ ಇರುವುದು ಮೈಗೆ, ಹೆಗಲ ಬ್ಯಾಗಿಗಲ್ಲ. ಹೀಗಾಗಿ ಒಂದೇ ಕೇಸಿನಲ್ಲಿ ಜೇಬಿನ ಕವರು ಬಿದ್ದುಹೋಗಿ ಬ್ಯಾಗಿನ ಪೊಟ್ಟಣ ನಿಲ್ಲಬಹುದು. ವಿಚಿತ್ರವೆನಿಸುತ್ತದೆ, ನನಗೂ ಒಮ್ಮೊಮ್ಮೆ ಹಾಗೆನಿಸುತ್ತದೆ. ಕಾನೂನು ಮಾತ್ರ ಅದೇ.

ಬಸ್ ನಿಲ್ದಾಣ ಸಾರ್ವಜನಿಕ ಸ್ಥಳವಾದ್ದರಿಂದ 43ನೇ ಕಲಮು ಅನ್ವಯಿಸುತ್ತದೆ. ಅದೇ ಮನೆಯೊಳಗೆ ನುಗ್ಗುವುದಾದರೆ 42: ಬಂದ ಸುಳಿವನ್ನು ಬರೆದಿಡಬೇಕು, 72 ಗಂಟೆಯೊಳಗೆ ಮೇಲಧಿಕಾರಿಗೆ ಅದರ ಪ್ರತಿ ಕಳುಹಿಸಬೇಕು, ಸೂರ್ಯಾಸ್ತದ ನಂತರ ವಾರಂಟಿಲ್ಲದೆ ಹೋದರೆ ಕಾರಣ ಬರೆಯಬೇಕು. ಹೆದ್ದಾರಿಯಲ್ಲಿ ನಿಲ್ಲಿಸಿದ ಖಾಸಗಿ ಕಾರಿಗೂ 42ನೇ ಕಲಮೇ ಎಂದು 2021ರ ತೀರ್ಪೊಂದಿದೆ. ನಂಗಲಿ ಕಡೆಯ ರಸ್ತೆಯಲ್ಲಿ ವಾಹನ ತಡೆಯುವವರಿಗೂ ಆ ತೀರ್ಪು ಗೊತ್ತಿರಬೇಕು.

ಆದರೆ ಇಂಥ ಕೇಸುಗಳು ನಿಜವಾಗಿ ಅಲುಗಾಡುವುದು ಮುದ್ದೆಮಾಲಿನ, ಅಂದರೆ ಜಪ್ತಿ ಮಾಡಿದ ಮಾಲಿನ, ಪ್ರಯಾಣದಲ್ಲಿ. ನಿಲ್ದಾಣದಲ್ಲಿ ವಶಪಡಿಸಿಕೊಂಡ ಪೊಟ್ಟಣವೇ ಪ್ರಯೋಗಾಲಯ ತಲುಪಿತೇ? ತೂಗಿದ್ದು ಯಾವ ತಕ್ಕಡಿಯಲ್ಲಿ, ಅದನ್ನು ತಂದವರಾರು? ಅರಗಿನ ಮೇಲೆ ಒತ್ತಿದ ಅಕ್ಷರ ಯಾವುದು, ಆ ಸೀಲು ಆಮೇಲೆ ಯಾರ ಕೈಯಲ್ಲಿತ್ತು? ಠಾಣೆಯ ಮಾಲು ರಿಜಿಸ್ಟರಿನಲ್ಲಿ ಒಳಗೆ ಬಂದ ತಾರೀಕು ಮತ್ತು ಹೊರಗೆ ಹೋದ ತಾರೀಕು ಮಹಜರಿಗೆ, ಅಂದರೆ ಸ್ಥಳದಲ್ಲೇ ಬರೆದ ಜಪ್ತಿ ಪತ್ರಕ್ಕೆ, ತಾಳೆಯಾಗುತ್ತವೆಯೇ? ಎದುರು ಪಕ್ಷದ ವಕೀಲರ ಪಾಟಿ ಸವಾಲಿನಲ್ಲಿ ಪೊಟ್ಟಣ ಹೊತ್ತುಕೊಂಡು ಹೋದ ಕಾನ್‌ಸ್ಟೆಬಲ್ ನಿಂತು 'ಯಾವತ್ತು ಕೊಟ್ಟರು ಎಂಬುದು ನೆನಪಿಲ್ಲ' ಎಂದರೆ, ಅಷ್ಟು ದಿನ ಆ ಗಂಟು ಎಲ್ಲಿತ್ತು ಎಂಬ ಪ್ರಶ್ನೆಗೆ ಉತ್ತರವೇ ಇಲ್ಲದಂತಾಗುತ್ತದೆ.

ಮಹಜರಿನ ತಲೆಯ ಮೇಲೆ ಕಣ್ಣಾಡಿಸುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಮೊದಲು ದಾಳಿ, ನಂತರ ಠಾಣೆಗೆ ಮರಳಿ ಕೇಸು ದಾಖಲು ಎಂದು ಸಾಕ್ಷಿ ಹೇಳುತ್ತಾರೆ. ನಿಲ್ದಾಣದಲ್ಲಿ ಬೀದಿ ದೀಪದ ಬೆಳಕಿನಲ್ಲಿ ಬರೆದೆವು ಎನ್ನುವ ಅದೇ ಮಹಜರಿನ ಮೇಲ್ಭಾಗದಲ್ಲಿ, ಅದೇ ಶಾಯಿಯಲ್ಲಿ, ಅದೇ ಕೈಬರಹದಲ್ಲಿ, ಕೇಸು ದಾಖಲಾದ ಮೇಲಷ್ಟೇ ಸಿಗುವ ಕ್ರೈಂ ನಂಬರು ಇದ್ದರೆ? ಇನ್ನೂ ಹುಟ್ಟದ ಮಗುವಿನ ಹೆಸರು ಜಾತಕದಲ್ಲಿ ಬಂದ ಹಾಗೆ. ಆಮೇಲೆ ಸೇರಿಸಿದ್ದು ಎಂಬ ಸಮಜಾಯಿಷಿ ಬಾರದಿದ್ದರೆ, ಇಡೀ ಮಹಜರು ಠಾಣೆಯ ಮೇಜಿನ ಮೇಲೆ ತಯಾರಾಯಿತೇ ಎಂಬ ಸಂಶಯಕ್ಕೆ ಅಷ್ಟೇ ಸಾಕು.

52ಎ ಕಲಮಿನ ಪ್ರಕಾರ ಮಾಲಿನ ಪಟ್ಟಿ, ಫೋಟೊ, ಮಾದರಿ ಎಲ್ಲವೂ ಮ್ಯಾಜಿಸ್ಟ್ರೇಟರ ದೃಢೀಕರಣ ಪಡೆಯಬೇಕು. 2022ರ ಡಿಸೆಂಬರಿನಲ್ಲಿ ಬಂದ ಹೊಸ ನಿಯಮಗಳ ನಂತರ ಮಾದರಿ ತೆಗೆಯುವುದೇ ಮ್ಯಾಜಿಸ್ಟ್ರೇಟರ ಎದುರು.

ತೂಕದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂವು ಅಥವಾ ಕಾಯಿಯ ತುದಿ. ಆ ತುದಿ ಜೊತೆಯಲ್ಲಿ ಇಲ್ಲದಿದ್ದರೆ ಎಲೆ ಮತ್ತು ಬೀಜ ಲೆಕ್ಕಕ್ಕಿಲ್ಲ. ಹೊಲದಲ್ಲಿ ಬೆಳೆಯ ನಡುವೆ ಸಿಕ್ಕ ಗಿಡಗಳನ್ನು ಬೇರು, ಮಣ್ಣು, ಕಾಂಡ ಸಮೇತ ಕಿತ್ತು ಒಟ್ಟಿಗೆ ತೂಗಿದರೆ ತಕ್ಕಡಿ ತೋರಿಸುವ ಅಂಕಿಯನ್ನು ಪ್ರಶ್ನಿಸಬಹುದು. ತೂಕ 20 ಕೆ.ಜಿ.ಯ ಆಚೀಚೆ ಇದ್ದಾಗ ಜಾಮೀನು ಅರ್ಜಿಯ ಹಣೆಬರಹ ಇದರ ಮೇಲೆ ನಿಲ್ಲುವುದುಂಟು. ಹಸಿಯಾಗಿದ್ದದ್ದು ಒಣಗಿ ತೂಕ ಇಳಿಯುವುದು ಬೇರೆ ಮಾತು. ಅದು ಸಹಜ, ಯಾವ ನ್ಯಾಯಾಧೀಶರಿಗಾದರೂ ಅರ್ಥವಾಗುತ್ತದೆ.

ಪಂಚರ, ಅಂದರೆ ಶೋಧನೆಗೆ ಸಾಕ್ಷಿಯಾಗಿ ಕರೆಸಿಕೊಂಡ ಹೊರಗಿನವರ, ವಿಷಯ ಬೇಗ ಮುಗಿಸುತ್ತೇನೆ, ಏಕೆಂದರೆ ಜನ ಅದಕ್ಕೆ ಅಗತ್ಯಕ್ಕಿಂತ ಹೆಚ್ಚು ಬೆಲೆ ಕೊಡುತ್ತಾರೆ. ಪಂಚರು ಪ್ರತಿಕೂಲ ಸಾಕ್ಷಿ ನುಡಿದ ಮಾತ್ರಕ್ಕೆ ಕೇಸು ಮುಗಿಯುವುದಿಲ್ಲ. ಪೊಲೀಸ್ ಸಾಕ್ಷಿಯೇ ನಂಬಲರ್ಹವಾಗಿದ್ದರೆ ಅದರ ಮೇಲೆ ಶಿಕ್ಷೆ ಕೊಡಬಹುದು. ಆದರೆ ಜನ ತುಂಬಿದ ನಿಲ್ದಾಣದಲ್ಲಿ ಒಬ್ಬ ಕಂಡಕ್ಟರ್ ಆಗಲಿ, ಹಣ್ಣಿನ ಅಂಗಡಿಯವರಾಗಲಿ ಸಿಗದೆ, ಎಲ್ಲ ಕೇಸಿನಲ್ಲೂ ಅದೇ ಇಬ್ಬರು ಪಂಚರಾಗಿ ಬರುತ್ತಿದ್ದರೆ ಕೋರ್ಟಿಗೂ ಕಣ್ಣಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು ಶೋಧನೆ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕು ಎನ್ನುತ್ತದೆ. ಇನ್ನು ಮುಂದೆ ಪಾಟಿ ಸವಾಲಿನ ಮೊದಲ ಪ್ರಶ್ನೆ 'ವಿಡಿಯೊ ಎಲ್ಲಿ?' ಎಂಬುದೇ ಆಗಿರುತ್ತದೆ.

'ಸ್ವಇಚ್ಛಾ ಹೇಳಿಕೆ'ಯ ಬಗ್ಗೆಯೂ ಒಂದು ಮಾತು. ಠಾಣೆಯಲ್ಲಿ ಬರೆಸಿದ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ. ಈ ಕಾಯ್ದೆಯ 67ನೇ ಕಲಮಿನಡಿ ಅಧಿಕಾರಿಗಳು ಪಡೆಯುವ ಹೇಳಿಕೆಗೂ ಅದೇ ಗತಿ ಎಂದು 2020ರ ತೂಫಾನ್ ಸಿಂಗ್ ತೀರ್ಪು ಸ್ಪಷ್ಟಪಡಿಸಿದೆ. ಸಿಕ್ಕಿಬಿದ್ದವನು ಹೇಳಿದ ಹೆಸರೊಂದನ್ನೇ ಹಿಡಿದು ಇನ್ನೊಬ್ಬನಿಗೆ ಶಿಕ್ಷೆ ಕೊಡಿಸಲಾಗದು.

ಈಗ ನಿಮ್ಮ ಕೊನೆಯ ಪ್ರಶ್ನೆ: ಯಾರು ಬೇಕಾದರೂ ಪಾರಾಗಬಹುದೇ? ಇಲ್ಲ. 42ನೇ ಕಲಮನ್ನು ಪೂರ್ತಿ ಗಾಳಿಗೆ ತೂರಿದರೆ ಒಪ್ಪುವುದಿಲ್ಲ, ತಡವಾಗಿ ಪಾಲಿಸಿ ತೃಪ್ತಿಕರ ಕಾರಣ ಕೊಟ್ಟರೆ ಒಪ್ಪಬಹುದು ಎಂದು 2009ರಲ್ಲೇ ಸಂವಿಧಾನ ಪೀಠ ಹೇಳಿದೆ. 52ಎ ಪಾಲನೆಯಾಗಿಲ್ಲ ಎಂಬುದೊಂದೇ ಬಿಡುಗಡೆಗೆ ಸಾಲದು, ಉಳಿದ ಸಾಕ್ಷ್ಯ ಗಟ್ಟಿಯಾಗಿದೆಯೇ ಎಂದು ನೋಡಬೇಕು ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಒಂದು ಕಾಗುಣಿತದ ತಪ್ಪು ಹಿಡಿದು ಹತ್ತು ಪುಟ ವಾದ ಬರೆಯುವ ವಕೀಲರು ನಮ್ಮಲ್ಲಿದ್ದಾರೆ; ಅವರ ಕಕ್ಷಿದಾರರು ಜೈಲಿನಲ್ಲಿದ್ದಾರೆ.

ನಿಮ್ಮ ಪಕ್ಕದ ಬೀದಿಯ ಹುಡುಗನ ತೀರ್ಪನ್ನು ನಾನು ಓದಿಲ್ಲ, ಅದು ಸರಿಯೋ ತಪ್ಪೋ ಹೇಳಲಾರೆ. ನೀವು ಓದಬಹುದು. ಇ-ಕೋರ್ಟ್ಸ್ ಜಾಲತಾಣದಲ್ಲಿ ಕೇಸಿನ ನಂಬರು ಹಾಕಿ ಹುಡುಕಿ. ತೀರ್ಪಿನ ಕೊನೆಯ ಸಾಲಿಗೆ ನೇರ ಹಾರದೆ, ಮಾಲು ಜಪ್ತಿಯಾದ ದಿನ, ಮ್ಯಾಜಿಸ್ಟ್ರೇಟರ ಮುಂದೆ ಹೋದ ದಿನ, ಪ್ರಯೋಗಾಲಯ ತಲುಪಿದ ದಿನ, ಈ ಮೂರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನಡುವಿನ ಅಂತರಕ್ಕೆ ಸಾಕ್ಷಿಗಳು ಏನು ಹೇಳಿದ್ದಾರೆಂದು ನೋಡಿ. ಅಷ್ಟಾದ ಮೇಲೂ ಬಿಡುಗಡೆ ತಪ್ಪೆನಿಸಿದರೆ, ಸರ್ಕಾರಕ್ಕೆ ಹೈಕೋರ್ಟಿಗೆ ಮೇಲ್ಮನವಿ ಹೋಗುವ ದಾರಿಯಿದೆ. ಅಲ್ಲಿಯೂ ಅವರು ಮೊದಲು ಬಿಚ್ಚುವುದು ಅದೇ ಮಹಜರನ್ನು.