ಮಗು ನಡುವೆ ಬಾಯಿ ಹಾಕುವ ಪುಸ್ತಕ

ಹೊಸನಗರದ ಕಡೆಯ ಒಂದು ಮನೆಯವರು ಎರಡೂವರೆ ವರ್ಷದ ಹುಡುಗನನ್ನು ಕರೆದುಕೊಂಡು ಶಿವಮೊಗ್ಗದ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಜುಲೈ ತಿಂಗಳು, ಹೊರಗೆ ಜಡಿಮಳೆ. ಹುಡುಗ ಮಾತಾಡುವುದು ಕಮ್ಮಿ ಅನ್ನುವುದು ಅವರ ಚಿಂತೆ. ನಾನು ಒಂದು ಚಿತ್ರಪುಸ್ತಕವನ್ನು ತಾಯಿಯ ಕೈಗೆ ಕೊಟ್ಟು, ಮನೆಯಲ್ಲಿ ತೋರಿಸೋ ಹಾಗೇ ತೋರಿಸಿ ಅಂದೆ. "ಇದೇನು ಹೇಳು? ಯಾವ ಬಣ್ಣ? ಎಷ್ಟು ಬೆಕ್ಕಿದೆ?" ಅಂತ ಅವರು ಕೇಳುತ್ತಾ ಹೋದರು. ಹುಡುಗ ಕಿಟಕಿ ನೋಡುತ್ತಾ ಕೂತ.

ಪುಸ್ತಕವನ್ನು ಅಜ್ಜಿಗೆ ದಾಟಿಸಿದೆ. "ಓದಕ್ಕೆ ಬರಲ್ಲ ಕಣಮ್ಮ ನಂಗೆ" ಅಂದರು. ಅದರಲ್ಲಿ ಓದಲು ಅಕ್ಷರವೇ ಇರಲಿಲ್ಲ, ಬರೀ ಚಿತ್ರ. ಅಜ್ಜಿ ಕನ್ನಡಕ ಸರಿಮಾಡಿಕೊಂಡರು. "ಅಯ್ಯಯ್ಯೋ, ಈ ಬೆಕ್ಕು ನೋಡೋ! ನಮ್ಮನೆ ಕರಿಯನ ಥರಾನೇ ಕದ್ದು ಬಂತು. ಹಾಲಿನ ತಪ್ಪಲೆಗೆ ಬಾಯಿ ಹಾಕ್ತಲ್ಲೋ..." ಅಂದವರು ಅಲ್ಲಿಗೇ ನಿಲ್ಲಿಸಿ, ಗಾಬರಿಯಾದವರ ಹಾಗೆ ಮೊಮ್ಮಗನ ಮುಖ ನೋಡಿದರು. ಹುಡುಗ ಕಿಟಕಿ ಬಿಟ್ಟು ತಿರುಗಿದ. ಚಿತ್ರದ ಮೇಲೆ ಕೈ ಬಡಿದು "ಹುಶ್!" ಅಂದ.

ನಾನು ಸ್ಪೀಚ್ ಥೆರಪಿಸ್ಟ್. "ಮಗುವಿಗೆ ಯಾವ ಪುಸ್ತಕ ತಗೊಳ್ಳಲಿ ಮೇಡಂ?" ಅನ್ನುವ ಪ್ರಶ್ನೆ ವಾರಕ್ಕೆ ನಾಲ್ಕು ಸಲವಾದರೂ ಬರುತ್ತದೆ. ನನ್ನ ಉತ್ತರ ಆ "ಹುಶ್" ಅಷ್ಟೇ. ಯಾವ ಪುಸ್ತಕ ತೆರೆದರೆ ಮಗು ನಡುವೆ ಬಾಯಿ ಹಾಕುತ್ತದೋ ಅದು ಒಳ್ಳೆಯದು. ನಾವು ಗಡಗಡ ಓದಿ, ಮಗು ಕೈಕಟ್ಟಿ ಕೇಳಿಸಿಕೊಳ್ಳುವ ಪುಸ್ತಕಕ್ಕೆ ಆಮೇಲೆ ಬೇಕಾದಷ್ಟು ಕಾಲ ಇದೆ.

ಇದು ಬರೀ ನನ್ನ ಅನುಭವದ ಮಾತಲ್ಲ. 1988ರಲ್ಲಿ ಅಮೆರಿಕದ ಮನೋವಿಜ್ಞಾನಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಎರಡು ವರ್ಷದ ಆಸುಪಾಸಿನ ಮಕ್ಕಳು, ಎರಡು ಗುಂಪು. ಎರಡೂ ಗುಂಪಿನ ಅಪ್ಪ ಅಮ್ಮಂದಿರು ಒಂದು ತಿಂಗಳು ಮನೆಯಲ್ಲಿ ಮಕ್ಕಳ ಜೊತೆ ಚಿತ್ರಪುಸ್ತಕ ಓದಿದರು. ಒಂದು ಗುಂಪಿನವರು ತಮಗೆ ರೂಢಿಯಿದ್ದ ಹಾಗೆ ಓದಿದರು. ಇನ್ನೊಂದು ಗುಂಪಿನವರಿಗೆ ಮಗುವಿಗೆ ಮಾತು ಬಿಟ್ಟುಕೊಡುವುದು, ಮಗು ಒಂದು ಪದ ಅಂದರೆ ಅದಕ್ಕೆ ಇನ್ನೆರಡು ಸೇರಿಸಿ ಹೇಳುವುದು, ಹೌದು ಅಲ್ಲ ಅಂತ ಮುಗಿಯದ ಪ್ರಶ್ನೆ ಕೇಳುವುದು ಇವನ್ನೆಲ್ಲ ಕಲಿಸಿದ್ದರು. ಈ ಎರಡನೇ ಗುಂಪಿನ ಮಕ್ಕಳು ಮಾತಿನಲ್ಲಿ ಮುಂದಾದರು. ಓದಿದ್ದು ಎರಡು ಕಡೆಯೂ ಹೆಚ್ಚುಕಮ್ಮಿ ಅಷ್ಟೇ. ಬೇರೆಯಾಗಿದ್ದು ರೀತಿ. ಹೊಸನಗರದ ಅಜ್ಜಿಗೆ ಇದನ್ನು ಯಾರೂ ಕಲಿಸಿರಲಿಲ್ಲ, ಬಿಡಿ.

ಹಾಗಾದರೆ ಅಂಗಡಿಯಲ್ಲಿ ನಿಂತಾಗ ಏನು ನೋಡಬೇಕು?

ಮೊದಲು, ಏನನ್ನು ಅಲ್ಲೇ ಬಿಟ್ಟು ಬರಬೇಕು ಅಂತ ಹೇಳುತ್ತೇನೆ. ಅಕ್ಷರಮಾಲೆ ಪುಸ್ತಕ. ನನ್ನ ಹತ್ತಿರ ಬರುವ ಹತ್ತು ಮನೆಗಳಲ್ಲಿ ಎಂಟು ಮನೆಯವರು ಇದನ್ನೇ ಹಿಡಿದುಕೊಂಡು ಬರುತ್ತಾರೆ. ಋ ಅಂದರೆ ಋಷಿ, ಐ ಅಂದರೆ ಐರಾವತ, ಯ ಅಂದರೆ ಯಜ್ಞ. "ಹಾಲು", "ಬಾ", "ಬೇಡ" ಅನ್ನಲು ಒದ್ದಾಡುತ್ತಿರುವ ಮಗುವಿಗೆ ಯಜ್ಞ ಯಾಕೆ ಬೇಕು? ಒಂದು ಚಿತ್ರಕ್ಕೂ ಪಕ್ಕದ ಚಿತ್ರಕ್ಕೂ ಸಂಬಂಧವೇ ಇಲ್ಲದ್ದರಿಂದ ಮಾತು ಮುಂದಕ್ಕೆ ಹೋಗುವುದೂ ಇಲ್ಲ. ದೊಡ್ಡವರು ಹೆಸರು ಕೇಳುತ್ತಾರೆ, ಮಗು ಹೇಳುತ್ತದೆ ಅಥವಾ ಎದ್ದು ಓಡುತ್ತದೆ. ಅಕ್ಷರ ಕಲಿಸಲು ಶಾಲೆ ಇದೆ ಅಲ್ವಾ?

ಆರು ತಿಂಗಳಿಂದ ಒಂದು ವರ್ಷದವರೆಗೆ ದಪ್ಪ ರಟ್ಟಿನ ಪುಸ್ತಕ ಸಾಕು. ಪುಟಕ್ಕೊಂದು ದೊಡ್ಡ ಚಿತ್ರ, ಸಾಧ್ಯವಾದರೆ ಬೇರೆ ಮಕ್ಕಳ ಮುಖಗಳು ಇರಲಿ. ಮಗು ಅದನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಹಾಕಿಕೊಳ್ಳಲಿ, ಆ ವಯಸ್ಸಿನಲ್ಲಿ ಓದುವುದು ಹಾಗೆಯೇ.

ಒಂದೂವರೆ ವರ್ಷ ದಾಟಿದ ಮೇಲೆ ಶಬ್ದ ನೋಡಿ. ತುಟಿ ಕೂಡಿಸಿ ಹೇಳುವ ಪ, ಬ, ಮ ಮಕ್ಕಳಿಗೆ ಬೇಗ ಬರುತ್ತವೆ. ರ, ಳ ತುಂಬಾ ತಡ. ಅದಕ್ಕೇ ಬೌಬೌ, ಮ್ಯಾಂವ್, ಅಂಬಾ, ಪೋಂ ಪೋಂ, ಬಿತ್ತು, ಬಾ ಇಂಥವು ಪುಟಪುಟಕ್ಕೂ ಬರುವ ಪುಸ್ತಕ ಹುಡುಕಿ. ಕನ್ನಡದಲ್ಲಿ ಇದಕ್ಕೇನೂ ಬರಗಾಲವಿಲ್ಲ. ಮಳೆ ಪಟಪಟ, ಕಣ್ಣು ಪಿಳಿಪಿಳಿ, ಗುಡುಗು ಗುಡುಗುಡು. ಒಂದೇ ಸಾಲು ಮತ್ತೆ ಮತ್ತೆ ಬರುವ ಕಥೆಯಾದರೆ ಇನ್ನೂ ಒಳ್ಳೆಯದು. ನಾಲ್ಕನೇ ಸಲ ಆ ಸಾಲು ಬಂದಾಗ ಅರ್ಧಕ್ಕೆ ನಿಲ್ಲಿಸಿ, ಮನಸ್ಸಿನಲ್ಲೇ ಹತ್ತು ಎಣಿಸಿ. ಹತ್ತು ಎಣಿಸುವುದು ನಮಗೆ ಎಷ್ಟು ಕಷ್ಟ ಅಂತ ಆಗ ಗೊತ್ತಾಗುತ್ತದೆ. ಮಕ್ಕಳಿಗೆ ಬಾಯಿಗೆ ಮಾತು ತಂದುಕೊಳ್ಳಲು ಅಷ್ಟು ಹೊತ್ತು ಬೇಕು, ನಾವು ಮೂರಕ್ಕೇ ಉತ್ತರ ಹೇಳಿಬಿಡುತ್ತೇವೆ.

ಪುಸ್ತಕ ಕೊಳ್ಳುವ ಮುಂಚೆ ಅಂಗಡಿಯಲ್ಲೇ ಒಂದು ಪುಟ ಜೋರಾಗಿ ಓದಿ. ನಾಚಿಕೆ ಬೇಡ. ನಿಮ್ಮ ನಾಲಿಗೆ ಎಡವಿದರೆ ವಾಪಸ್ ಇಡಿ. ಬೇರೆ ಭಾಷೆಯಿಂದ ಬಂದ ಎಷ್ಟೋ ಪುಸ್ತಕಗಳಲ್ಲಿ ಚಿತ್ರ ಚೆಂದ, ಕನ್ನಡ ಮಾತ್ರ ಬಿಸಿಲಿಗಿಟ್ಟ ಸೆಂಡಿಗೆ. ಅನುವಾದವೇ ಹಾಗೆ ಅನ್ನಬೇಡಿ. ತೀರ್ಥಹಳ್ಳಿ ಕಡೆಯ ಅಜ್ಜಂದಿರು ಇವತ್ತಿಗೂ ಬಾಯಿಪಾಠ ಒಪ್ಪಿಸುವ ಕಿಂದರಿಜೋಗಿಯನ್ನು ಕುವೆಂಪು ಕಟ್ಟಿದ್ದು ರಾಬರ್ಟ್ ಬ್ರೌನಿಂಗ್‌ನ ಇಂಗ್ಲಿಷ್ ಪದ್ಯದ ಮೇಲೆ. ಕೇಳಿದವರಿಗೆ ಅದರ ಸುಳಿವೇ ಸಿಗುವುದಿಲ್ಲ. ಎರಡು ವರ್ಷದ ಮಗುವಿಗೆ ಆ ಕಥೆ ಹತ್ತುವುದಿಲ್ಲ, ನಿಜ. ಲಯ ಹತ್ತುತ್ತದೆ, ತೊಡೆ ಮೇಲೆ ಕೂತು ತೂಗುತ್ತದೆ.

ಇನ್ನೊಂದು. ಪುಸ್ತಕದಲ್ಲಿ "ಹೋಗುತ್ತಾನೆ" ಅಂತ ಇದ್ದರೆ ನೀವು "ಹೋಗ್ತಾನೆ" ಅನ್ನಿ. ನಿಮ್ಮ ಮನೆಯ ಮಾತು ಹವ್ಯಕ ಕನ್ನಡವಾದರೆ ಅದರಲ್ಲೇ ಹೇಳಿ. ಕೊಂಕಣಿ, ಲಂಬಾಣಿ, ಉರ್ದು, ಭದ್ರಾವತಿಯ ತಮಿಳು ಮನೆಗಳಿಗೂ ಇದೇ ಮಾತು. ಎರಡು ಭಾಷೆ ಕಿವಿಗೆ ಬಿದ್ದರೆ ಮಾತು ತಡವಾಗುತ್ತದೆ ಅನ್ನುವುದು ಸುಳ್ಳು. ಮಗುವಿನ ಜೊತೆ ಬರೀ ಇಂಗ್ಲಿಷ್ ಮಾತಾಡಿ ಅಂತ ಯಾರೋ ಹೇಳಿದ್ದನ್ನು ಕೇಳಿ, ತಮಗೇ ಸರಿಯಾಗಿ ಬಾರದ ಭಾಷೆಯಲ್ಲಿ ನಾಲ್ಕೇ ಪದ ಆಡಿಕೊಂಡಿದ್ದ ಅಪ್ಪ ಅಮ್ಮಂದಿರನ್ನು ನೋಡಿದ್ದೇನೆ. ಅಕ್ಷರವಿಲ್ಲದ ಚಿತ್ರಪುಸ್ತಕ ನನಗೆ ಇಷ್ಟವಾಗುವುದು ಇದಕ್ಕೇ. ಅದು ಎಲ್ಲರ ಮನೆಮಾತಿನಲ್ಲೂ ಇರುತ್ತದೆ.

ಪುಸ್ತಕದಲ್ಲಿ ನಮ್ಮ ಊರು ಇರಬೇಕೇ? ಪೂರ್ತಿ ಬೇಡ. ಡೈನೋಸಾರ್ ಯಾರ ಊರಲ್ಲೂ ಇಲ್ಲ, ಮಕ್ಕಳಿಗೆ ಅದೆಂದರೆ ಜೀವ. ಆದರೆ ಮಾತು ಈಗಷ್ಟೇ ಶುರುವಾಗುವ ಮಗುವಿಗೆ ಕಂಡದ್ದು ಕಂಡರೆ ಬಾಯಿ ಬೇಗ ಬರುತ್ತದೆ. ಸಕ್ರೆಬೈಲಿನಲ್ಲಿ ಆನೆಯ ಸ್ನಾನ ನೋಡಿ ಬಂದ ಮಗು ಪುಸ್ತಕದ ಆನೆಗೆ ನೀರು ಎರಚುವ ಆಟ ಆಡುತ್ತದೆ. ಹಿಮ ಬೀಳುವ ಚಿತ್ರ ತೋರಿಸಿದರೆ ಸುಮ್ನೆ ನೋಡುತ್ತದೆ. ಆಗುಂಬೆ ಮಳೆ ಗೊತ್ತಿರುವ ಮಗುವಿಗೆ ಮಳೆಗೆ ತಲೆ ಬೆನ್ನು ಮುಚ್ಚುವ ಗೊರಬು ಹೊದ್ದ ಅಜ್ಜನ ಚಿತ್ರ ಇರುವ ಪುಸ್ತಕ ಕೊಡಬೇಕು ಅಂತ ನನಗೆ ಆಸೆ. ಇನ್ನೂ ಕಣ್ಣಿಗೆ ಬಿದ್ದಿಲ್ಲ.

ಅದಕ್ಕೆ ನಾನೇ ಒಂದು ಉಪಾಯ ಹೇಳುತ್ತೇನೆ. ಮೊಬೈಲಿನಲ್ಲಿ ಹತ್ತು ಫೋಟೊ ತೆಗೆಯಿರಿ. ಕೊಟ್ಟಿಗೆಯ ಕರು, ಬಚ್ಚಲ ಹಂಡೆ, ಅಂಗಳದಲ್ಲಿ ಹರವಿದ ಅಡಿಕೆ, ಎಲೆಯಡಿಕೆ ಹಾಕುತ್ತಿರುವ ಅಜ್ಜ, ಬಿದ್ದು ಅಳುತ್ತಿರುವ ಮಗುವೇ. ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಪುಟ್ಟ ಆಲ್ಬಂಗೆ ತುಂಬಿ. ಮಾತು ತಡವಾದ ಮಕ್ಕಳಿಗೆ ನನ್ನ ಮೊದಲ ಶಿಫಾರಸು ಈ ಪುಸ್ತಕ, ಅಂಗಡಿಯದಲ್ಲ. ಅದನ್ನೇ ಮೊಬೈಲಿನಲ್ಲಿ ತೋರಿಸಬಹುದಲ್ಲ ಅಂತ ಕೇಳುತ್ತಾರೆ. ಬೆರಳಿಟ್ಟರೆ ಫೋಟೊ ಜಾರುತ್ತದೆ, ನಡುವೆ ಫೋನ್ ಬರುತ್ತದೆ, ಮಗುವಿನ ಕಣ್ಣು ವಿಡಿಯೋ ಹುಡುಕುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡವೇ ಬೇಡ ಅನ್ನುವುದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ ಕೂಡ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ವೆಬ್‌ಸೈಟ್ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಬೇಕಾದಷ್ಟಿವೆ, ಉಚಿತ. ನಾಲ್ಕು ಹಂತಗಳಿವೆ, ಚಿಕ್ಕವರಿಗೆ ಮೊದಲನೆಯದು ಸಾಕು. ಕಲರ್ ಪ್ರಿಂಟ್ ತೆಗೆಸಿ ಪಿನ್ ಹೊಡೆದುಕೊಳ್ಳಿ. ತೂಲಿಕಾ, ನ್ಯಾಷನಲ್ ಬುಕ್ ಟ್ರಸ್ಟ್ ಇವರ ಕನ್ನಡ ಪುಸ್ತಕಗಳೂ ಸಿಗುತ್ತವೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಈಗಿನ ಅರಿವು ಕೇಂದ್ರಕ್ಕೆ, ಒಮ್ಮೆ ಹೋಗಿ ಮಕ್ಕಳ ಕಪಾಟು ತೆರೆಸಿ ನೋಡಿ. ಮಗು ಒಂದೇ ಪುಸ್ತಕವನ್ನು ಇಪ್ಪತ್ತು ಸಲ ಓದಿಸಿದರೆ ಬೇಸರ ನಿಮಗೆ ಮಾತ್ರ. ಹೊಸದು ತರುವ ಅವಸರ ಮಾಡಬೇಡಿ.

ಪುಸ್ತಕದಿಂದ ಆಗದ ಕೆಲಸವೂ ಇದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಒಂದೂವರೆ ವರ್ಷಕ್ಕೆ ಒಂದು ಪದವೂ ಇಲ್ಲ, ಎರಡು ವರ್ಷಕ್ಕೆ "ಅಮ್ಮ ಬಾ" ಥರ ಎರಡು ಪದ ಜೋಡಿಸುವುದಿಲ್ಲ, ನೀವು ಬೆರಳು ತೋರಿಸಿದ ಕಡೆ ನೋಡುವುದಿಲ್ಲ ಅಂದರೆ ಪುಸ್ತಕ ಬದಿಗಿಟ್ಟು ಮೊದಲು ಕಿವಿ ಪರೀಕ್ಷೆ ಮಾಡಿಸಿ. ನಮ್ಮ ಮಳೆಗಾಲದಲ್ಲಿ ಮಕ್ಕಳ ಮೂಗು ಸೋರುವುದು ನಿಲ್ಲುವುದೇ ಇಲ್ಲ. ಪದೇ ಪದೇ ಶೀತವಾದರೆ ಕಿವಿಯ ಒಳಗೆ ನೀರು ಕಟ್ಟಿಕೊಂಡು ಕೇಳಿಸುವುದು ಕಮ್ಮಿಯಾಗಬಹುದು. ನೋವೇ ಇರುವುದಿಲ್ಲವಾದ್ದರಿಂದ ಮನೆಯವರಿಗೆ ತಿಳಿಯುವುದಿಲ್ಲ, ಮಗು ಮಾತು ಕೇಳಲ್ಲ, ಹಟ ಅಂತ ಬೈಯುತ್ತಾರೆ.

ಆ ಹೊಸನಗರದ ಹುಡುಗನಿಗೂ ಅದೇ ಆಗಿತ್ತು. ಕಿವಿ ಡಾಕ್ಟರ ಹತ್ತಿರ ಕಳಿಸಿದೆ, ಬೆಕ್ಕಿನ ಪುಸ್ತಕವನ್ನೂ ಕೊಟ್ಟು ಕಳಿಸಿದೆ. ದಸರಾ ಮುಗಿದ ಮೇಲೆ ಬಂದರು. ಪುಸ್ತಕಕ್ಕೆ ಬೂಷ್ಟು ಹಿಡಿದಿತ್ತು, ಅಂಚು ಸ್ವಲ್ಪ ಸುಟ್ಟಿತ್ತು. ಒಣಗಲಿ ಅಂತ ಬಚ್ಚಲ ಒಲೆಯ ಹತ್ತಿರ ಇಟ್ಟಿದ್ದರಂತೆ. ಅಜ್ಜಿ ತುಂಬಾ ಸಂಕೋಚಪಟ್ಟರು. ನಾನು ಪುಟ ತೆರೆದು "ಒಂದು ಬೆಕ್ಕು ಬಂತು" ಅಂತ ಶುರು ಮಾಡಿದ್ದೆ ಅಷ್ಟೇ, ಹುಡುಗ ಪುಸ್ತಕ ಕಿತ್ತುಕೊಂಡು "ಬೆಕ್ಕಲ್ಲ, ಕರಿಯ!" ಅಂದ.